ಕಲಬುರಗಿಯಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ ಮಾರುತ್ತೇನೆ. ಇನ್‌ಸ್ಟಾಗ್ರಾಂ ಜಾಹೀರಾತಿಗೆ ಯಾವಾಗ ದುಡ್ಡು ಹಾಕಬೇಕು?

ಅಕ್ಕಾರೆ, ಪರಿಚಯವೇ ಇಲ್ಲದ ಜನ ಎರಡನೇ ಸಲ ಕೇಳಿಕೊಂಡು ಬರಲು ಶುರುವಾದ ಮೇಲೆ ಹಾಕಿ. ಅಲ್ಲಿಯವರೆಗೆ ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್ ಸಾಕು, ಅದು ಪುಕ್ಕಟೆ. ಇನ್ನೊಂದು ಮಾತು, ನಾಳೆ ಮೂವತ್ತು ಆರ್ಡರ್ ಜಾಸ್ತಿ ಬಂದರೆ ರೊಟ್ಟಿ ಬಡಿಯೋಕೆ ಕೈಗಳಿವೆಯಾ? ಇಲ್ಲದಿದ್ದರೆ ಈಗ ಬೇಡ. ಕರೆದು ಇಲ್ಲ ಅಂದರೆ ಹೆಸರು ಕೆಡುತ್ತೆ.

ಆಮೇಲೆ ಲೆಕ್ಕ. ರೊಟ್ಟಿ ಕಟ್ಟು, ಶೇಂಗಾ ಹಿಂಡಿ (ಚಟ್ನಿಪುಡಿ) ಸೇರಿ 200 ರೂಪಾಯಿ ಅಂದುಕೊಳ್ಳಿ. ಜೋಳ, ಗ್ಯಾಸ್, ಕೂಲಿ ಕಳೆದು ಕೈಗೆ 60 ಉಳಿಯುತ್ತದೆ. ಜಾಹೀರಾತಿಗೆ ದಿನಕ್ಕೆ 200ರಂತೆ ಏಳು ದಿನಕ್ಕೆ 1,400, ಮೇಲೆ ಶೇ. 18 ಜಿಎಸ್‌ಟಿ ಸೇರಿ 1,652. ಅಂದರೆ 28 ಹೊಸ ಆರ್ಡರ್ ಬಂದರೆ ಮಾತ್ರ ಹಾಕಿದ ದುಡ್ಡು ವಾಪಸ್. ಅಷ್ಟು ಬರದಿದ್ದರೂ ಆ ತಿಂಗಳ ಮನೆ ಖರ್ಚಿಗೆ ತೊಂದರೆಯಾಗಬಾರದು, ಅಲ್ವಾ?

ದುಡ್ಡು ಕಟ್ಟಿ ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ ಬೂಸ್ಟ್ ಗುಂಡಿಯನ್ನು ಸುಮ್ನೆ ಒತ್ತಬೇಡಿ, ಬರೀ ಲೈಕ್ ಬಂದು ನಿಲ್ಲಬಹುದು. ವಾಟ್ಸಾಪ್ ಮೆಸೇಜ್ ಬರುವ ಗುರಿಯನ್ನೇ ಆರಿಸಿ, ಜಾಗ ಕಲಬುರಗಿ ಸುತ್ತ ಮಾತ್ರ ಇಡಿ. ಫೋಟೋಗಿಂತ ರೊಟ್ಟಿ ಬಡಿಯುವ ವಿಡಿಯೋ ಹಾಕಿ. ಆ ಪಟಪಟ ಸದ್ದು ಇರಲೇಬೇಕು, ಅದರ ಮೇಲೆ ಹಾಡು ಬೇಡ.

ಹೋಳಿ ಆದಮೇಲೆ ಶರಣಬಸವೇಶ್ವರ ಜಾತ್ರೆಗೆ ಹೊರಗಿನವರು ಊರಿಗೆ ಬರುತ್ತಾರಲ್ಲ, ಮೊದಲ ಪ್ರಯತ್ನಕ್ಕೆ ನಾನಾದರೆ ಆ ವಾರವನ್ನೇ ಆರಿಸುತ್ತೇನೆ.