ಬೆಂಗಳೂರು ಪೇಟೆಯ ಹಳೇ ಅಂಗಡಿ ಕಟ್ಟಡವನ್ನು ಕಳೆ ಕೆಡದಂತೆ ರಿಪೇರಿ ಮಾಡಿಸುವುದು ಹೇಗೆ?

ಮೊದಲು ಸಿಮೆಂಟ್ ಚೀಲ ದೂರ ಇಡಿ. ಬಳೇಪೇಟೆ, ಚಿಕ್ಕಪೇಟೆ ಕಡೆಯ ಹಳೇ ಗೋಡೆಗಳು ಜಾಸ್ತಿ ಇಟ್ಟಿಗೆ, ಸುಣ್ಣದ ಗಾರೆಯವು. ಅವು ತೇವ ಹೀರಿ ಹೊರಗೆ ಬಿಡುತ್ತವೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆ ಪುಡಿಯಾಗುತ್ತದೆ, ಇಟ್ಟಿಗೆ ಉದುರುತ್ತದೆ. ಆಮೇಲೆ 'ಹಳೇ ಕಟ್ಟಡ, ಕೆಡವಿಬಿಡಿ' ಅಂತಾರೆ! ಬಿರುಕಿಗೆ ಸುಣ್ಣದ ಗಾರೆಯನ್ನೇ ಹಾಕಿಸಿ. ಅದು ಬಲ್ಲ ಮೇಸ್ತ್ರಿಯನ್ನು ಹುಡುಕುವುದೇ ದೊಡ್ಡ ಕೆಲಸ.

ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ, ಸೋರುತ್ತಿದ್ದರೆ ತೊಲೆಗೆ ಗೆದ್ದಲು ಹಿಡಿದಿದೆಯಾ ನೋಡಿ. ವೈರಿಂಗ್, ನಲ್ಲಿ ಪೈಪು ಹೊಸದಾಗಲಿ, ತೊಂದರೆಯಿಲ್ಲ.

ಇನ್ನು ಬೋರ್ಡು. ಮಹಡಿಯ ಕಿಟಕಿ, ಮರದ ಕಂಬ ಮುಚ್ಚುವಷ್ಟು ದೊಡ್ಡ ಫ್ಲೆಕ್ಸ್ ಯಾಕೆ, ಅಲ್ವಾ? ಬಾಗಿಲ ಮೇಲಿನ ಪಟ್ಟಿಗೆ ಇಳಿಸಿ, ಕಟ್ಟಡ ಮತ್ತೆ ಕಾಣುತ್ತದೆ.