ಓದುಗರ ಪ್ರಶ್ನೆ: ತಪ್ಪು ನಾಯಿಯದೋ, ಸಾಕಿದವರದೋ?

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಪಿಟ್‌ಬುಲ್ ನಾಯಿಯೊಂದನ್ನು ಸಾಕಿದ್ದಾರೆ. ಹಗಲೆಲ್ಲ ಗೇಟಿನ ಬಳಿ ಗಿಡ್ಡ ಸರಪಳಿಯಲ್ಲಿ ಕಟ್ಟಿ, ನಸುಕಿನಲ್ಲಿ ರಸ್ತೆಗೆ ಬಿಡುತ್ತಾರೆ. ಮೊನ್ನೆ ಅದು ಹಾಲು ಹಾಕುವ ಹುಡುಗನ ಮೇಲೆ ಎರಗಿ ಪ್ಯಾಂಟು ಹರಿಯಿತು. ಕೇಳಿದರೆ, ‘ಅದೇನೂ ಮಾಡೂದಿಲ್ಲ’ ಎನ್ನುತ್ತಾರೆ. ಈ ತಳಿಗೆ ನಿಷೇಧವಿದೆಯಂತೆ. ಓಣಿಯವರೆಲ್ಲ ಸೇರಿ ನಾಯಿಯನ್ನು ಹೊರಹಾಕಿಸಬಹುದೇ?
— ಹೆಸರು ಬೇಡ, ಸಪ್ತಾಪುರ, ಧಾರವಾಡ

ಉತ್ತರ: ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿ, ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ಆಮದು, ಮಾರಾಟ ಮತ್ತು ಸಾಕಣೆಗೆ ತಡೆ ಹಾಕಲು ಸೂಚಿಸಿದ್ದು ನಿಜ. ಆದರೆ ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್ 10ರಂದು ರದ್ದುಪಡಿಸಿತು. ಆದ್ದರಿಂದ ಆ ಕಾಗದ ಹಿಡಿದು ನಾಯಿಯನ್ನು ಹೊರಹಾಕಿಸಲು ಬರುವುದಿಲ್ಲ. ಹಾಗೆಂದು ನೀವು ಕೈಕಟ್ಟಿ ಕೂಡಬೇಕಾಗಿಲ್ಲ. ದೂರುವುದಕ್ಕೆ ಸಾಕಿದವರ ನಡತೆಯೇ ಧಾರಾಳವಾಗಿದೆ.

ಈ ನಾಯಿಗಳ ಬಲವನ್ನು ಕಡಿಮೆ ಮಾಡಿ ಹೇಳುವುದು ಸರಿಯಲ್ಲ. ಗೂಳಿಯ ಮೇಲೆ ನಾಯಿ ಬಿಟ್ಟು ನೋಡುವ ಆಟವನ್ನು ಇಂಗ್ಲೆಂಡಿನಲ್ಲಿ 1835ರಲ್ಲಿ ಕಾನೂನು ನಿಲ್ಲಿಸಿದ ಮೇಲೆ ನಾಯಿನಾಯಿಗಳ ಕಾದಾಟದ ಚಟ ಹೆಚ್ಚಿತು. ಬುಲ್‌ಡಾಗ್ ಮತ್ತು ಟೆರಿಯರ್‌ಗಳನ್ನು ಕೂಡಿಸಿ ಬೆಳೆಸಿದ ಈ ವಂಶ ಆ ಅಖಾಡದಿಂದಲೇ ಬಂದದ್ದು. ಹಿಡಿದರೆ ಬಿಡದ ಹಟ ಮತ್ತು ಬೇರೆ ನಾಯಿಗಳ ಮೇಲಿನ ಸಿಟ್ಟು ಇವುಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಇರುತ್ತವೆ. 2022ರಲ್ಲಿ ಲಖನೌದಲ್ಲಿ ಸಾಕಿದ ಮನೆಯ ವೃದ್ಧೆಯನ್ನೇ ಪಿಟ್‌ಬುಲ್ ಕೊಂದಿತು. ಜನ ಹೆದರಿದ್ದರೆ ಅದಕ್ಕೆ ಕಾರಣವಿದೆ. ಇನ್ನೊಂದು ಸಂಗತಿಯೂ ತಿಳಿದಿರಲಿ. ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್ ನಡೆಸುತ್ತಿದ್ದ ನಾಯಿಕಾಳಗದ ಅಡ್ಡೆಯಿಂದ 2007ರಲ್ಲಿ ಸುಮಾರು 50 ಪಿಟ್‌ಬುಲ್‌ಗಳನ್ನು ಬಿಡಿಸಿ ತಂದು, ಸಾರಾಸಗಟಾಗಿ ಕೊಲ್ಲುವ ಬದಲು ಒಂದೊಂದನ್ನೇ ಪರೀಕ್ಷಿಸಿದಾಗ, ಹೆಚ್ಚಿನವು ಬದುಕಲು ಯೋಗ್ಯವೆಂದು ಕಂಡವು. ಅವುಗಳಲ್ಲಿ ಅನೇಕವು ಒಳ್ಳೆಯ ಮನೆಗಳನ್ನು ಸೇರಿದವು. ಕಾದಾಟಕ್ಕೆಂದೇ ಸಾಕಿದ ನಾಯಿಗಳೇ ಹೀಗೆ ಬಾಳಿದವೆಂದ ಮೇಲೆ, ತಳಿಯ ಹೆಸರೊಂದರಿಂದಲೇ ನಾಯಿಯ ಹಣೆಬರಹ ಬರೆಯಲಾಗದು.

ನಿಮ್ಮ ನೆರೆಮನೆಯ ನಾಯಿಯನ್ನು ದೂರದಿಂದಲೇ ಗಮನಿಸಿ. ಹಗಲೆಲ್ಲ ಕಟ್ಟಿಹಾಕಿದ ನಾಯಿಯಾದರೆ, ಸರಪಳಿ ಎಟಕುವಷ್ಟು ನೆಲ ಅರ್ಧ ವೃತ್ತವಾಗಿ ಸವೆದು ಹುಲ್ಲಿಲ್ಲದಂತಾಗಿರುತ್ತದೆ, ಕೊರಳಪಟ್ಟಿಯ ಕೆಳಗೆ ಕೂದಲುದುರಿ ಚರ್ಮ ಕೆಂಪಾಗಿರುತ್ತದೆ. ಹೆದರಿದಾಗ ಓಡಿಹೋಗಲು ಅದಕ್ಕೆ ದಾರಿಯಿಲ್ಲ. ಉಳಿದದ್ದು ಬೊಗಳುವುದು, ಎರಗುವುದು. ಬೊಗಳಿದಾಗಲೆಲ್ಲ ದಾರಿಹೋಕರು ಮುಂದೆ ಸಾಗುತ್ತಾರೆ, ತಾನೇ ಅವರನ್ನು ಓಡಿಸಿದೆನೆಂದು ನಾಯಿ ಕಲಿಯುತ್ತದೆ. ದಿನಕ್ಕೆ ಹತ್ತಾರು ಸಲ ಈ ಪಾಠ ಕಲಿತ ನಾಯಿಯನ್ನು ನಸುಕಿನಲ್ಲಿ ಹಗ್ಗವಿಲ್ಲದೆ ರಸ್ತೆಗೆ ಬಿಟ್ಟರೆ, ಸೈಕಲ್ಲಿನಲ್ಲಿ ಬರುವ ಹಾಲಿನ ಹುಡುಗನ ಮೇಲೆ ಅದು ಎರಗದೆ ಇನ್ನೇನು ಮಾಡೀತು? ಗೇಟಿಗೆ ಪಿಟ್‌ಬುಲ್ ಕಟ್ಟಿ ದೊಡ್ಡಸ್ತಿಕೆ ಮೆರೆಯುವ ಇಂಥವರಿಂದಲೇ, ಇದೇ ತಳಿಯನ್ನು ಅಚ್ಚುಕಟ್ಟಾಗಿ ಸಾಕಿದವರೂ ಜನರ ಬಾಯಿಗೆ ಬೀಳುತ್ತಾರೆ.

ಮೊದಲು ಓಣಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಮಾತಾಡಿ. ನಾಯಿ ಹೊರಬಂದಾಗ ಹಗ್ಗ ಗಟ್ಟಿಯಾಗಿರಬೇಕು, ಹಿಡಿದವರು ಅದನ್ನು ತಡೆಯಬಲ್ಲ ವಯಸ್ಕರಾಗಿರಬೇಕು, ಬಾಯಿಗೆ ಉಸಿರಾಡಲು ಬರುವಂಥ ಬುಟ್ಟಿಯಾಕಾರದ ಬಾಯಿಕುಕ್ಕೆ (ಮಜಲ್) ಇರಬೇಕು, ಗೇಟಿನ ಕೊಂಡಿ ಭದ್ರವಾಗಿರಬೇಕು. ರೇಬೀಸ್ ಲಸಿಕೆಯ ಚೀಟಿಯನ್ನೂ ತೋರಿಸಲು ಹೇಳಿ. ಒಪ್ಪದಿದ್ದರೆ, ನಾಯಿ ಬಿಟ್ಟಿದ್ದ ದಿನ, ವೇಳೆ ಬರೆದಿಟ್ಟು, ಫೋಟೊ ಸಹಿತ ಮಹಾನಗರ ಪಾಲಿಕೆಗೂ ಪೊಲೀಸ್ ಠಾಣೆಗೂ ಲಿಖಿತ ದೂರು ಕೊಡಿ. ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ 6 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ವಿಪರೀತ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಸಿಟ್ಟಿನ ಭರದಲ್ಲಿ ಯಾರೂ ನಾಯಿಗೆ ವಿಷ ಹಾಕದಂತೆ ನೋಡಿಕೊಳ್ಳಿ. ಅದೂ ಅಪರಾಧವೇ, ಮತ್ತು ಕಟ್ಟಿಸಿಕೊಂಡ ಪ್ರಾಣಿಗೆ ಎರಡನೆಯ ಅನ್ಯಾಯ.

ಆ ಹುಡುಗನ ಕಾಲನ್ನು ಯಾರಾದರೂ ನೋಡಿದ್ದಾರೆಯೇ? ಹಲ್ಲು ತಗುಲಿ ಗೀರಿದ್ದರೂ ಈಗಲೇ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ, ತಡವಾಯಿತೆಂದು ಬಿಡಬಾರದು. ಕಚ್ಚಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ‘ನಮ್ಮ ನಾಯಿಗೆ ಲಸಿಕೆಯಾಗಿದೆ’ ಎಂಬ ಬಾಯಿಮಾತನ್ನು ನಂಬಿ ಸುಮ್ಮನಾಗಬೇಡಿ.

ಪ್ರಶ್ನೆ: ಮನೆ ಕಾವಲಿಗೆ, ಪಿಟ್‌ಬುಲ್ ವಂಶದಿಂದಲೇ ಬಂದ ಅಮೆರಿಕನ್ ಬುಲ್ಲಿ ತಳಿಯ ಮರಿ ತರಬೇಕೆಂದಿದ್ದೇನೆ. 30 ದಿನದ ಮರಿಗೆ ಕಿವಿಯನ್ನೂ ಕತ್ತರಿಸಿಯೇ ಕೊಡುತ್ತೇವೆ ಎನ್ನುತ್ತಾರೆ ಮಾರುವವರು. ನಾನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೇನೆ, ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ.
— ಓದುಗ, ಬೆಟಗೇರಿ

ಉತ್ತರ: ಅವರಿಂದ ತರಬೇಡಿ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಅಂದಕ್ಕಾಗಿ ಕಿವಿ ಕತ್ತರಿಸುವಂತೆಯೂ ಇಲ್ಲ. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದೇ ತಾಯಿ ಮತ್ತು ಒಡಹುಟ್ಟಿದವರ ನಡುವೆ. 30 ದಿನಕ್ಕೆ ಅಗಲಿಸಿದರೆ ಆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಲಿತ ಬುಲ್ಲಿ ಬೇರೆ ನಾಯಿಯನ್ನು ಕಂಡು ಜಗ್ಗಿದರೆ ನಿಮ್ಮ ವಯಸ್ಸಾದ ತಂದೆ ಬಿದ್ದು ಸೊಂಟ ಮುರಿದುಕೊಂಡಾರು. ನೀವು ಊರಿಗೆ ಮರಳಿ ನೆಲೆಸುವವರೆಗೆ ಮರಿಯ ಯೋಚನೆ ಬಿಡಿ. ಸದ್ಯಕ್ಕೆ ಬಾಗಿಲಿಗೊಂದು ಗಟ್ಟಿ ಚಿಲಕ, ಅಂಗಳಕ್ಕೊಂದು ದೀಪ ಹಾಕಿಸಿಕೊಡಿ.