ಮೊಸರಿನ ಡೇರಿಗಾಗಿ ನಡೆದ ಕಚೇರಿಗೇ ನನ್ನ ಮತ

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್‌ನ ನೇರ ಧ್ವನಿಮುದ್ರಣಗಳಲ್ಲಿ ಯಾವುದು ಅಚ್ಚುಮೆಚ್ಚು? ಎಲ್ಲರೂ ಹೊಗಳುವ 1977ರ ಕಾರ್ನೆಲ್ ವಿಶ್ವವಿದ್ಯಾಲಯದ ಕಚೇರಿಯನ್ನು ಹಾಕಿಕೊಂಡು ಕುಳಿತರೆ ಅರ್ಧ ಗಂಟೆಗೇ ಆಕಳಿಕೆ ಬಂತು, ತಪ್ಪು ನನ್ನದೇ?

ತಪ್ಪು ಯಾರದ್ದೂ ಇಲ್ಲ, ನೀವು ಬೇಗ ಎದ್ದುಹೋದಿರಿ. ಕಾರ್ನೆಲ್‌ನ ಮೊದಲ ಭಾಗವೆಲ್ಲ ಅಚ್ಚುಕಟ್ಟಾದ ಹಾಡುಗಳ ಸಾಲು. ವರ್ಣ ಮತ್ತು ಒಂದೆರಡು ಚಿಕ್ಕ ಕೃತಿಗಳನ್ನು ಕೇಳಿ ಕಾಫಿ ಕುಡಿಯಲು ಹೊರಟವರು ಪಲ್ಲವಿಯ ಬಗ್ಗೆ ದೂರುವ ಹಾಗಾಯಿತು ಇದು. ನೇರವಾಗಿ ಎರಡನೆಯ ಭಾಗಕ್ಕೆ ಹೋಗಿ. ‘ಸ್ಕಾರ್ಲೆಟ್ ಬಿಗೋನಿಯಾಸ್’ ಮುಗಿಯುವುದೇ ಇಲ್ಲ, ನಿಧಾನವಾಗಿ ಕರಗಿ ‘ಫೈರ್ ಆನ್ ದ ಮೌಂಟನ್’ ಆಗುತ್ತದೆ. ಎರಡೂ ಸೇರಿ ಸುಮಾರು 25 ನಿಮಿಷ. ಯಾವ ಗಳಿಗೆಯಲ್ಲಿ ಒಂದು ಹೋಗಿ ಇನ್ನೊಂದು ಬಂತೆಂದು ಬೆರಳಿಟ್ಟು ತೋರಿಸಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ ಬೆರಳು ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಕೊನೆಯ ‘ಮಾರ್ನಿಂಗ್ ಡ್ಯೂ’ವನ್ನೂ ಬಿಡಬೇಡಿ. ಪಿಸುಮಾತಿನಷ್ಟು ಸಣ್ಣಗೆ ಇಳಿದ ಜೆರ್ರಿ ಗಾರ್ಸಿಯಾ ಅವರ ಗಿಟಾರ್ ಅಲ್ಲಿಂದ ಹೇಗೆ ಏರುತ್ತದೆ ಎಂಬುದಕ್ಕೆ ಕಿವಿಯೇ ಸಾಕ್ಷಿಯಾಗಬೇಕು.

ಆದರೂ ಕಾರ್ನೆಲ್ ನನ್ನ ಅಚ್ಚುಮೆಚ್ಚಿನದಲ್ಲ. ಅದಕ್ಕೆ ಹೆಸರು ಬಂದದ್ದರಲ್ಲಿ ಸಂಗೀತದಷ್ಟೇ ಪಾಲು ಟೇಪಿನದೂ ಇದೆ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಧ್ವನಿ ತಂತ್ರಜ್ಞೆ ಆ ರಾತ್ರಿಯನ್ನು ಮುದ್ರಿಸಿದ್ದು ಎಷ್ಟು ಸ್ವಚ್ಛವಾಗಿತ್ತೆಂದರೆ, ಪ್ರತಿಯ ಪ್ರತಿಯಾಗಿ ಕೈಯಿಂದ ಕೈಗೆ ಹೋದರೂ ಅದು ಕಳೆಗುಂದಲಿಲ್ಲ. ಬಾಡಿಗೆ ಕಟ್ಟಲಾಗದೆ ಅವರು ಬಿಟ್ಟುಕೊಟ್ಟ ಉಗ್ರಾಣದ ಸರಕು 1986ರಲ್ಲಿ ಹರಾಜಾಯಿತು. ಸಾವಿರ ಟೇಪುಗಳು ಯಾರ್‍ಯಾರ ಪಾಲಿಗೋ ಹೋದವು, ಅಲ್ಲಿಂದ ಪ್ರತಿಗಳು ಹೊರಬಂದವು. ಅದೇ ಕಚೇರಿಯ ಮುದ್ರಣವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. 2017ರಲ್ಲಿ ಅಧಿಕೃತ ಆವೃತ್ತಿ ಅಂಗಡಿಗೆ ಬರುವ ಹೊತ್ತಿಗೆ ಅಭಿಮಾನಿಗಳ ಮನೆಯಲ್ಲಿ ಅದು ಮೂವತ್ತು ವರ್ಷ ಹಳೆಯದಾಗಿತ್ತು.

ನನಗೆ ಈ ಬ್ಯಾಂಡ್ ಪರಿಚಯವಾದದ್ದು 1999ರಲ್ಲಿ, ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ಕೆಲಸಕ್ಕಿದ್ದಾಗ. ಗಾರ್ಸಿಯಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಬ್ಯಾಂಡ್ ಆ ಹೆಸರನ್ನೇ ಕೈಬಿಟ್ಟಿತ್ತು. ಮೈಸೂರಿನಿಂದ ಹೊತ್ತು ತಂದಿದ್ದ ಕರ್ನಾಟಕ ಸಂಗೀತದ ಕ್ಯಾಸೆಟ್ಟುಗಳನ್ನು ನಾನು ಕಾರಿನಲ್ಲಿ ಕೇಳುತ್ತಿದ್ದೆ. ಅದನ್ನು ಗಮನಿಸಿದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ಶೂ ಡಬ್ಬಿಯ ತುಂಬ ತೊಂಬತ್ತು ನಿಮಿಷದ ಕ್ಯಾಸೆಟ್ಟುಗಳನ್ನು ಮೇಜಿನ ಮೇಲಿಟ್ಟು ಹೋದರು. ಲೇಬಲ್ಲಿನ ಮೇಲೆ ತಾರೀಖು, ಊರು, ಮೂಲೆಯಲ್ಲಿ ಅದು ಎಷ್ಟನೆಯ ಪ್ರತಿ ಎಂಬ ಅಂಕಿ. ಮೂರು ಎಂದಿದ್ದರೆ ಸ್ವಲ್ಪ ಸುಯ್ಯೆನ್ನುತ್ತದೆ, ಆರು ಎಂದಿದ್ದರೆ ಮಳೆಗಾಲದ ಹಂಚಿನ ಮನೆಯಲ್ಲಿ ಕುಳಿತು ಕೇಳಿದಂತೆ.

ಈ ಟೇಪುಗಳ ಸಂತೆಗೆ ಬ್ಯಾಂಡಿನ ಸಮ್ಮತಿಯೇ ಇತ್ತು. 1984ರ ಅಕ್ಟೋಬರಿನಿಂದ ಸೌಂಡ್‌ಬೋರ್ಡಿನ, ಅಂದರೆ ಧ್ವನಿ ಹೊಂದಿಸುವ ಮೇಜಿನ, ಹಿಂದೆ ಮುದ್ರಿಸಿಕೊಳ್ಳುವವರಿಗೆಂದೇ ಜಾಗ ಕಾದಿರಿಸಿದರು. ಉದ್ದನೆಯ ಕೋಲುಗಳ ತುದಿಯಲ್ಲಿ ಮೈಕುಗಳು ಅಲ್ಲಿ ಜೋಳದ ಹೊಲದಂತೆ ನಿಲ್ಲುತ್ತಿದ್ದವು. ಶರತ್ತು ಒಂದೇ, ಹಂಚಿಕೊಳ್ಳಿ, ಮಾರಬೇಡಿ. ಖಾಲಿ ಕ್ಯಾಸೆಟ್ ಮತ್ತು ವಾಪಸು ಅಂಚೆಯ ಖರ್ಚು ಕಳಿಸಿದರೆ ಮುಖ ಕಾಣದವರೂ ಪ್ರತಿ ಮಾಡಿ ಕಳಿಸುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಚೇರಿ ಮಾಡಿದ, ಒಂದು ರಾತ್ರಿಯ ಪಟ್ಟಿಯನ್ನು ಮರುರಾತ್ರಿ ಹಾಗೆಯೇ ನುಡಿಸದ ಬ್ಯಾಂಡಿಗೆ ಬೇರೆ ಜಾಹೀರಾತು ಏಕೆ ಬೇಕು?

ಆ ಡಬ್ಬಿಯಲ್ಲಿ ನನ್ನನ್ನು ಮೊದಲು ಹಿಡಿದದ್ದು ‘ದಿ ಇಲೆವೆನ್’, 1969ರ ‘ಲೈವ್/ಡೆಡ್’ ಆಲ್ಬಮ್ಮಿನದು. ಹೆದ್ದಾರಿಯಲ್ಲಿ ವಾಹನಗಳ ಸಾಲಿನ ನಡುವೆ ಸಿಕ್ಕಿಕೊಂಡಿದ್ದೆ. ಎಡಗೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕಲು ಹೋಗಿ ಎರಡು ಸಲ ತಪ್ಪಿತು. ಮೂರನೆಯ ಸಲ ಬಾಯಲ್ಲಿ ಹೇಳಿಕೊಂಡೆ: ತಕಿಟ ತಕಿಟ ತಕಿಟ ತಕ. ಹನ್ನೊಂದು! ಹೆಸರಿನಲ್ಲೇ ಲೆಕ್ಕ ಕೊಟ್ಟಿದ್ದಾರೆ, ನಾನು ಗಮನಿಸಿರಲಿಲ್ಲ. ಡ್ರಮ್ಮರ್ ಮಿಕಿ ಹಾರ್ಟ್ ತಬಲಾ ಮಾಂತ್ರಿಕ ಅಲ್ಲಾ ರಖಾ ಅವರಲ್ಲಿ ಕಲಿತವರು, ಮುಂದೆ ಜಾಕಿರ್ ಹುಸೇನ್ ಮತ್ತು ಘಟದ ವಿಕ್ಕು ವಿನಾಯಕರಾಮ್ ಜೊತೆ ‘ಪ್ಲಾನೆಟ್ ಡ್ರಮ್’ ಆಲ್ಬಮ್ ಮಾಡಿದವರು ಎಂಬುದೆಲ್ಲ ಆಮೇಲೆ ತಿಳಿಯಿತು. ಆ ಸಂಜೆ ನನಗೆ ಗೊತ್ತಿದ್ದದ್ದು, ಯಾರೋ ನಮ್ಮ ಮನೆಯ ಲೆಕ್ಕವನ್ನು ಗಿಟಾರಿನಲ್ಲಿ ಹಾಕುತ್ತಿದ್ದಾರೆ ಎಂಬುದಷ್ಟೇ. ಹಿಂದಿನ ಕಾರಿನವನು ಹಾರ್ನ್ ಹೊಡೆದದ್ದು ಯಾವ ಮಾತ್ರೆಗೆ ಬಿತ್ತೆಂದು ನೆನಪಿಲ್ಲ.

ನನ್ನ ಮತ ಬೀಳುವುದು 1972ರ ಆಗಸ್ಟ್ 27ಕ್ಕೆ, ಆರೆಗನ್ ರಾಜ್ಯದ ವೆನೀಟಾಕ್ಕೆ. ನಗಬೇಡಿ, ಅದು ನಷ್ಟದಲ್ಲಿದ್ದ ಒಂದು ಮೊಸರಿನ ಡೇರಿಯನ್ನು ಉಳಿಸಲು ನಡೆದ ಸಹಾಯಾರ್ಥ ಕಚೇರಿ. ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ಎಂಬ ಆ ಡೇರಿ ಲೇಖಕ ಕೆನ್ ಕೀಸಿಯವರ ತಮ್ಮನ ಸಂಸಾರದ್ದು, ಟಿಕೆಟ್ಟುಗಳನ್ನು ಮೊಸರಿನ ಲೇಬಲ್ಲಿನ ಮೇಲೇ ಅಚ್ಚು ಹಾಕಿದ್ದರು. ಬಯಲು ಜಾಗ, 38 ಡಿಗ್ರಿಗೂ ಮೀರಿದ ಬಿಸಿಲು, ಕುಡಿಯುವ ನೀರಿಗೆ ತತ್ವಾರ. ವಾದ್ಯಗಳು ಬಿಸಿಲಿಗೆ ಶ್ರುತಿ ಬಿಡುತ್ತಿದ್ದವು. ಹಾಡಿನಿಂದ ಹಾಡಿಗೆ ಶ್ರುತಿ ಸೇರಿಸಿಕೊಳ್ಳುವುದು ಮುದ್ರಣದಲ್ಲಿ ಕೇಳಿಸುತ್ತದೆ. ಕೆಲವರು ಅದನ್ನು ಹಾರಿಸಿ ಕೇಳುತ್ತಾರೆ, ನಾನು ಹಾರಿಸುವುದಿಲ್ಲ. ತಂಬೂರಿ ಕಿವಿ ತಿರುವುವ ಸದ್ದಿನಿಂದಲೇ ನಮ್ಮಲ್ಲೂ ಕಚೇರಿ ಶುರುವಾಗುವುದು.

ಆಗ ಮಿಕಿ ಹಾರ್ಟ್ ಬ್ಯಾಂಡಿನಲ್ಲಿ ಇರಲಿಲ್ಲ. ಬಿಲ್ ಕ್ರೂಟ್ಸ್‌ಮನ್ ಒಬ್ಬರೇ ಡ್ರಮ್ಮರ್. ಇಬ್ಬರಿದ್ದಾಗ ಬ್ಯಾಂಡ್ ತೇರಿನಂತೆ, ತಿರುಗಿಸಲು ಬೀದಿ ಬೇಕು. ಒಬ್ಬರಿದ್ದಾಗ ಸೈಕಲ್ಲಿನಂತೆ, ಮನಸ್ಸು ಬಂದ ಕಡೆ ಹ್ಯಾಂಡಲ್. ಹೊತ್ತು ಇಳಿಯುವಾಗ ಬರುವ ‘ಡಾರ್ಕ್ ಸ್ಟಾರ್’ನಲ್ಲಿ ಅದನ್ನು ಗಮನಿಸಿ. ಅರ್ಧ ಗಂಟೆಗೂ ಮಿಕ್ಕಿದ ಆಲಾಪನೆ ಅದು. ಗಾರ್ಸಿಯಾ ಒಂದು ಎಳೆ ಎತ್ತಿದರೆ ಫಿಲ್ ಲೆಶ್ ಅವರ ಬಾಸ್ ಹಿಂದೆ ಹಿಂದೆ ಬರುವುದಿಲ್ಲ, ಅಡ್ಡ ಬಂದು ಬೇರೆ ದಾರಿ ತೋರಿಸುತ್ತದೆ. ಒಮ್ಮೊಮ್ಮೆ ಎಲ್ಲ ಚೂರುಚೂರಾಗಿ ಇನ್ನು ಕೂಡಿಬರುವುದಿಲ್ಲ ಎನಿಸುವಷ್ಟು ದೂರ ಹೋಗುತ್ತಾರೆ. ನನಗೆ ಬೇಕಾದದ್ದು ಆ ಭಯವೇ. ಕಾರ್ನೆಲ್‌ನಲ್ಲಿ ಅದು ಒಂದು ಸಲವೂ ಆಗುವುದಿಲ್ಲ, ಅಲ್ಲಿ ಎಲ್ಲರಿಗೂ ಮನೆಯ ದಾರಿ ಗೊತ್ತು. ಇಷ್ಟಾದ ಮೇಲೆ, ಆ ಶೂನ್ಯದ ಅಂಚಿನಿಂದ ಹಿಂತಿರುಗಿ ಅವರು ಎತ್ತಿಕೊಳ್ಳುವುದು ‘ಎಲ್ ಪಾಸೊ’, ಅಂದರೆ ಕೌಬಾಯ್ ಒಬ್ಬನ ಕೊಲೆ ಮತ್ತು ಪ್ರೇಮದ ಲಾವಣಿ. ಮೊದಲ ಸಲ ಕೇಳಿದಾಗ ಒಬ್ಬನೇ ಜೋರಾಗಿ ನಕ್ಕಿದ್ದೆ. ಈ ಕಚೇರಿ 2013ರಲ್ಲಿ ‘ಸನ್‌ಶೈನ್ ಡೇಡ್ರೀಮ್’ ಎಂಬ ಹೆಸರಿನಲ್ಲಿ ಚಿತ್ರಸಮೇತ ಬಿಡುಗಡೆಯಾಗಿದೆ. ಚಿತ್ರ ನೋಡುವುದಾದರೆ ಒಂದು ಎಚ್ಚರಿಕೆ: ವೇದಿಕೆಯ ಹಿಂದಿನ ಕಂಬ ಹತ್ತಿ ಮೈಮೇಲೆ ನೂಲೂ ಇಲ್ಲದೆ ಕುಣಿಯುವ ಮಹಾಶಯನೊಬ್ಬ ಇದ್ದಾನೆ. ಮನೆಯಲ್ಲಿ ಹಿರಿಯರಿದ್ದಾಗ ಹಾಕಬೇಡಿ.

ಜಾಸ್ ಕಡೆಯಿಂದ ಬಂದವರಾದರೆ 1990ರ ಮಾರ್ಚ್ 29, ನ್ಯೂಯಾರ್ಕಿನ ನಸಾವ್ ಕೊಲಿಸಿಯಮ್. ಸ್ಯಾಕ್ಸಫೋನ್‌ನ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅತಿಥಿಯಾಗಿ ಬಂದು, ಪೂರ್ವಾಭ್ಯಾಸವಿಲ್ಲದೆ ‘ಐಸ್ ಆಫ್ ದ ವರ್ಲ್ಡ್’ ನುಡಿಸಿದರು. ಒಳ್ಳೆಯ ಜುಗಲ್‌ಬಂದಿ, ಒಮ್ಮೆ ಕೇಳಿ. ಬ್ಯಾಂಡಿನ ಕೊನೆಯ ಒಂದೆರಡು ವರ್ಷಗಳಿಂದ ಮಾತ್ರ ಶುರುಮಾಡಬೇಡಿ, ಗಾರ್ಸಿಯಾ ಅವರ ಆರೋಗ್ಯ ಕೆಟ್ಟದ್ದು ದನಿಯಲ್ಲೇ ಗೊತ್ತಾಗುತ್ತದೆ.

ಇನ್ನು ಯಾವ ಪ್ರತಿ ಎಂಬುದು. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಒಂದೇ ಕಚೇರಿಯ ಹಲವು ಮುದ್ರಣಗಳು ಸಿಗುತ್ತವೆ. ಸೌಂಡ್‌ಬೋರ್ಡಿನಿಂದ ನೇರವಾಗಿ ತೆಗೆದದ್ದು ತಿಳಿ, ಪ್ರೇಕ್ಷಕರ ನಡುವೆ ಮೈಕಿಟ್ಟು ಮುದ್ರಿಸಿದ್ದು ಮಂದ. ಆದರೆ ಮಂದವಾದದ್ದರಲ್ಲಿ ಜನರ ಉಸಿರಿರುತ್ತದೆ. ಹೊಸಬರು ತಿಳಿಯಾದದ್ದರಿಂದ ಆರಂಭಿಸುವುದು ಒಳ್ಳೆಯದು.

ನನ್ನ ವೆನೀಟಾ ಕ್ಯಾಸೆಟ್ಟು ಐದನೆಯ ಪ್ರತಿ. ಪ್ರತಿ ಮಾಡಿದವರು ಮುಂಚಿನ ಹಾಡುಗಳನ್ನೂ ಅದೇ ಬದಿಗೆ ತುಂಬಿದ್ದರಿಂದ ‘ಡಾರ್ಕ್ ಸ್ಟಾರ್’ ನಡುವೆಯೇ ಟಕ್ಕೆಂದು ನಿಲ್ಲುತ್ತಿತ್ತು. ತಿರುಗಿಸಿ ಹಾಕಿದರೆ ಅರ್ಧ ನಿಮಿಷದ ಸಂಗೀತ ಮಾಯ. ಹದಿನಾಲ್ಕು ವರ್ಷ ಹಾಗೆಯೇ ಕೇಳಿದೆ. ಈಗ ಪೂರ್ತಿ ಆವೃತ್ತಿ ಮೊಬೈಲಿನಲ್ಲಿದೆ. ಆ ಜಾಗ ಬಂದಾಗ ಬಲಗೈ ಈಗಲೂ ಕ್ಯಾಸೆಟ್ ತಿರುಗಿಸಲು ಮುಂದೆ ಚಾಚುತ್ತದೆ.